ಅವನ ಬಕೆಟ್ಟು, ಅವರ ಬಕೆಟ್ಟು

ಇವತ್ತು ಮಾಡಿದ ಕೆಲಸ: ಐದೂವರೆಗೆ ಎದ್ದು ಹಾಲು ಕಾಯಿಸಿದೆ. ಸ್ನಾನ, ವಿಭೂತಿ, ಪೂಜೆ. ಎರಡು ಬಿದಿರು ಕೋಲಿನ ತುಂಬ ಬಟ್ಟೆ ಹಾಕಿ ಕಿಟಕಿಯಾಚೆ ಚಾಚಿದೆ. ಹತ್ತು ಗಂಟೆಗೆ ಮಳೆ ಬಂತೆಂದು ಒಳಗೆಳೆದೆ, ಹನ್ನೊಂದಕ್ಕೆ ಮತ್ತೆ ಚಾಚಿದೆ. ಬೂನ್ ಲೇ ಮಾರ್ಕೆಟ್ಟಿನಿಂದ ಬದನೆಕಾಯಿ, ಕೊತ್ತಂಬರಿ, ಒಂದು ತೆಂಗಿನಕಾಯಿ ತಂದೆ. ಶೇಂಗಾ ಹುರಿದು ಸಿಪ್ಪೆ ಕೇರಿದೆ. ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಫ್ಯಾನಿನ ರೆಕ್ಕೆ ಒರೆಸಿದೆ. ಮಧ್ಯಾಹ್ನ ಗೆಳತಿಯೊಬ್ಬರ ಮಗಳು ಫೋನ್ ಮಾಡಿದಳು. ಹಳೆಯ ಸಿನಿಮಾ ರೀಲುಗಳನ್ನು ಕಾದಿಡುವ ಕಡೆ ಅವಳಿಗೆ ಕೆಲಸ ಸಿಕ್ಕಿದೆ. ನಾನು ಅದೇ ಕೆಲಸ ಮಾಡಿ ನಿವೃತ್ತಳಾದವಳು ಎಂದು ಗೊತ್ತಾಗಿ, ಅದು ಹೇಗಿರುತ್ತದೆ, ಇಂಟರೆಸ್ಟಿಂಗ್ ಆಗಿರುತ್ತದಾ ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಬರೆದು ಕೊಡುತ್ತೇನೆ ಎಂದೆ. ಬಟ್ಟೆ ಮಡಿಸಿಟ್ಟು ಈಗ ಬರೆಯಲು ಕುಳಿತಿದ್ದೇನೆ.

ಮೊದಲಿಗೆ ವಾಸನೆ. ಹಳೆಯ ಫಿಲ್ಮು ಕೆಡುವಾಗ ವಿನೆಗರಿನ ಹಾಗೆ ನಾರುತ್ತದೆ. ಒಂದು ವಾರದಲ್ಲಿ ಅದು ನಿಮ್ಮ ಕೂದಲಿಗೆ ಹತ್ತುತ್ತದೆ, ತಿಂಗಳಲ್ಲಿ ಊಟದ ಡಬ್ಬಿಗೂ ಹತ್ತುತ್ತದೆ. ಎಂಆರ್‌ಟಿ ರೈಲಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ನಿಲ್ಲುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಕೂರಲು ಜಾಗ ಸಿಗುತ್ತದೆ.

ಎರಡನೆಯದು ಮೇಲಧಿಕಾರಿಗಳು. ಅವರ ವಾಸನೆಗೆ ಒಗ್ಗಿಕೊಳ್ಳಲು ಇನ್ನೂ ಹೆಚ್ಚು ದಿನ ಬೇಕು.

ನಾನು ಗದಗಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ, ಗಂಡನ ಹಿಂದೆ ಸಿಂಗಪುರಕ್ಕೆ ಬಂದವಳು. ನಮ್ಮ ಮನೆಯವರು ಪಾಸಿರ್ ಪಂಜಾಂಗಿನ ಕಂಟೇನರ್ ಟರ್ಮಿನಲ್ಲಿನಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ಮಗಳು ಪಲ್ಲವಿ ಶಾಲೆಗೆ ಹೋಗತೊಡಗಿದ ಮೇಲೆ ನಾನೂ ಸಣ್ಣಪುಟ್ಟ ಲ್ಯಾಬುಗಳಲ್ಲಿ ದುಡಿದೆ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಇಲ್ಲಿ ಯಾವ ಕಿಟಕಿಯಿಂದ ನೋಡಿದರೂ ಕ್ರೇನು ಕಾಣುತ್ತಿತ್ತು, ಯಾರು ಬಾಯಿ ತೆರೆದರೂ ‘ಕಂಟೆಂಟ್’ ಎಂಬ ಮಾತು ಬೀಳುತ್ತಿತ್ತು. ಕಂಟೆಂಟ್ ಎಂದರೆ ಹಳೆಯ ಸಿನಿಮಾ, ಹಳೆಯ ಹಾಡು, ಹಳೆಯ ಏನಾದರೂ. ಕೊಂಡಿಟ್ಟರೆ ನಾಳೆ ಟಿವಿಯವರೋ ಇಂಟರ್ನೆಟ್ಟಿನವರೋ ಬಂದು ಎತ್ತಿಕೊಂಡು ಹೋಗುತ್ತಾರೆ ಎಂಬ ನಂಬಿಕೆ. ಅಂಥ ನಂಬಿಕೆಯ ಒಂದು ಕಂಪನಿ ರಾಫೆಲ್ಸ್ ಪ್ಲೇಸಿನಲ್ಲಿ ಆಫೀಸು ತೆರೆದು, ಬೂನ್ ಲೇ ಪಕ್ಕದ ಕಾರ್ಖಾನೆ ಕಟ್ಟಡವೊಂದರಲ್ಲಿ ಎರಡು ತಣ್ಣನೆಯ ಕೋಣೆ ಹಿಡಿಯಿತು. ರಾಫೆಲ್ಸ್ ಪ್ಲೇಸಿನಲ್ಲಿ ಟೈ ಕಟ್ಟಿದವರಿದ್ದರು, ಬೂನ್ ಲೇಯಲ್ಲಿ ರೀಲುಗಳು ಮತ್ತು ನಾವು. ನಾವು ಅಂದರೆ ನಾನು ಮತ್ತು ಅಂಕಲ್ ಸೆಂಗ್. ಸೆಂಗ್ ಮೂವತ್ತು ವರ್ಷ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಓಡಿಸಿದವರು. ದಿನಕ್ಕೆ ಹತ್ತು ಮಾತು ಆಡಿದರೆ ಅದರಲ್ಲಿ ಏಳು ಫಿಲ್ಮಿಗೇ ಹೇಳಿದ್ದಾಗಿರುತ್ತಿತ್ತು.

ಕಂಪನಿ ಮೊದಲು ಕೊಂಡದ್ದು ಮಲೇಶಿಯಾದ ಇಪೋ ಊರಿನ ಗೋಡೌನಿನಲ್ಲಿ ಬಿದ್ದಿದ್ದ ಡಬ್ಬಗಳ ಒಂದು ದೊಡ್ಡ ರಾಶಿಯನ್ನು. ಅವೆಲ್ಲ ಹರ್ಬರ್ಟ್ ಪಾರ್ಸ್ಲೋ ಎಂಬ ಇಂಗ್ಲಿಷಿನವನ ಚಿತ್ರಗಳಂತೆ. ಸಿನಿಮಾ ಹುಟ್ಟಿದ ಹೊಸದರಲ್ಲಿ, ಮಾತು ಬರುವುದಕ್ಕೂ ಮುಂಚೆ, ಅತಿ ಹೆಚ್ಚು ಚಿತ್ರ ತೆಗೆದವರಲ್ಲಿ ಇವನೂ ಒಬ್ಬನಂತೆ. ಅವನ ಅಳಿಯ ಮಲಯಾದಲ್ಲಿ ರಬ್ಬರ್ ತೋಟದವನು. ಮಾವನ ಚಿತ್ರಗಳನ್ನು ಬೆಂಕಿ ಹತ್ತದ ಫಿಲ್ಮಿಗೆ ಪ್ರತಿ ಮಾಡಿಸಿ ಇಟ್ಟಿದ್ದ. ಅಳಿಯ ಸತ್ತ ಮೇಲೆ ಡಬ್ಬ ಉಳಿದವು, ಅವುಗಳ ಜೊತೆಗಿದ್ದ ಕಾಗದಪತ್ರ ಗೆದ್ದಲಿಗೆ ಹೋದವು. ಪಾರ್ಸ್ಲೋ ಎನ್ನಲು ಸೆಂಗ್‌ಗೆ ನಾಲಿಗೆ ಹೊರಳುತ್ತಿರಲಿಲ್ಲ, ಪಾರ್ಸೆಲ್ ಎನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ಪಾರ್ಸೆಲ್ ಸಾಹೇಬನ ಪ್ರತಿಭೆಯ ಬಗ್ಗೆ ಒಂದೆರಡು ಮಾತು. ಅವನು ಸಮುದ್ರದ ದಂಡೆಯ ಊರೊಂದರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನು. ವಾರಕ್ಕೆ ಎರಡು ಸಿನಿಮಾ ತೆಗೆಯುತ್ತಿದ್ದ. ನನಗೆ ವಾರಕ್ಕೆ ಎರಡು ಸಲ ಇಡ್ಲಿಗೆ ರುಬ್ಬುವುದು ಆಗುವುದಿಲ್ಲ. ಆದರೆ ಅವನ ಸಿನಿಮಾ ನೋಡಿದರೆ ರುಬ್ಬಿದ ಹಿಟ್ಟು ಒಂದೇ ಎಂದು ಗೊತ್ತಾಗುತ್ತದೆ. ಒಬ್ಬ ಏನೋ ಕದಿಯುತ್ತಾನೆ, ಓಡುತ್ತಾನೆ, ಹತ್ತು ಜನ ಬೆನ್ನಟ್ಟುತ್ತಾರೆ, ಏಣಿ ಬೀಳುತ್ತದೆ, ಎಲ್ಲರೂ ಕೆರೆಗೆ ಬೀಳುತ್ತಾರೆ. ಮುಂದಿನ ವಾರ ಟೋಪಿ ಬದಲಾಗುತ್ತದೆ. ಐದು ನಿಮಿಷದ ಚಿತ್ರಗಳ ಕಾಲ ಮುಗಿದು ಒಂದು ಗಂಟೆಯ ಚಿತ್ರಗಳ ಕಾಲ ಬಂದಾಗ ಅವನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಮೂಲ ನೆಗೆಟಿವುಗಳನ್ನು ಬೆಳ್ಳಿಗಾಗಿ ಕರಗಿಸುವವರಿಗೆ ಹಾಕಿ ಟೀ ಅಂಗಡಿ ಇಟ್ಟ. ಜಗತ್ತು ನನ್ನನ್ನು ಮರೆಯಿತು ಎಂದು ಗಿರಾಕಿಗಳ ಮುಂದೆ ಗೊಣಗುತ್ತ ಅಲ್ಲಿಯೇ ಮುದುಕನಾದ.

ನನ್ನ ಮೊದಲ ದೊಡ್ಡ ತಪ್ಪು ಕೂಡ ಅವನಿಂದಲೇ ಆಯಿತು. ಒಂದು ರೀಲನ್ನು ಯಾರೋ ಕೊನೆಯಿಂದ ಸುತ್ತಿಟ್ಟಿದ್ದರು. ನಾನು ಅದನ್ನು ಬೆಂಚಿನ ಮೇಲಿನ ಸಣ್ಣ ಪರದೆಯಲ್ಲಿ ಹಾಗೆಯೇ ತಿರುಗಿಸುತ್ತ ಕಥೆ ಬರೆದುಕೊಂಡೆ: ಹತ್ತು ಜನ ಕೆರೆಯಿಂದ ಒಣಗಿಯೇ ಮೇಲೆ ಬರುತ್ತಾರೆ, ಹಿಮ್ಮುಖವಾಗಿ ಓಡುತ್ತಾರೆ, ಕಳ್ಳ ಸೇಬುಹಣ್ಣನ್ನು ಗೌರವದಿಂದ ಅಂಗಡಿಗೆ ಹಿಂದಿರುಗಿಸುತ್ತಾನೆ. ಏನೋ ಚಮತ್ಕಾರದ ಚಿತ್ರ ಎಂದುಕೊಂಡೆ. ಎರಡು ದಿನ ಬಿಟ್ಟು ಸೆಂಗ್ ಕಂಡುಹಿಡಿದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ತಪ್ಪು ಒಪ್ಪುತ್ತೇನೆ. ಆದರೆ ಆ ಚಿತ್ರ ಹಿಂದಿನಿಂದ ನೋಡಿದಾಗಲೇ ಸ್ವಲ್ಪ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತೇನೆ.

ಈಗ ಮೇಲಧಿಕಾರಿ. ಪ್ರಶಾಂತ್, ಬೆಂಗಳೂರಿನವರು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ರಾಫೆಲ್ಸ್ ಪ್ಲೇಸಿನಲ್ಲಿ ಮೀಟಿಂಗ್ ಇದ್ದಾಗ ನಾನು ‘ಗಿರಿಜಾ’, ಕೆಲಸ ಆಗಬೇಕಾದಾಗ ‘ಗಿರಿಜಾ ಮೇಡಂ’, ಆಗಬಾರದ ಕೆಲಸ ಆಗಬೇಕಾದಾಗ ‘ಆಂಟಿ’. ಬೂನ್ ಲೇಗೆ ಬಂದರೆ ಮೂಗಿಗೆ ಕರ್ಚೀಫು. ಹೊಸ ಸ್ಕ್ಯಾನರ್ ಬಂದ ದಿನ ಪೂಜೆ ಆಗಲೇಬೇಕೆಂದು ಅರ್ಚಕರನ್ನು ಕರೆತಂದರು. ಫಿಲ್ಮು ಇಟ್ಟ ಕೋಣೆಯಲ್ಲಿ ಹೊಗೆ ಕೂಡದು ಎಂದು ನಾನು ಕರ್ಪೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಅಷ್ಟರಲ್ಲಿ ಪ್ರಶಾಂತ್ ಸ್ಕ್ಯಾನರಿನ ಮೂಲೆಗೇ ತೆಂಗಿನಕಾಯಿ ಒಡೆದರು. ಕಾಯಿನೀರು ಸ್ವಿಚ್ಚುಗಳ ಒಳಗೆ ಇಳಿಯಿತು. ಜರ್ಮನಿಯಿಂದ ಎಂಜಿನಿಯರ್ ಬರುವ ತನಕ ಹೊಸ ಯಂತ್ರ ಕುಂಕುಮ ಹಚ್ಚಿಕೊಂಡು ಸುಮ್ಮನೆ ಕುಳಿತಿತ್ತು. ನಾವು ಎಂದಿನಂತೆ ಬೆಂಚು, ಭೂತಗನ್ನಡಿ, ಹತ್ತಿಯ ಕೈಗವಸುಗಳಲ್ಲಿ ಕೆಲಸ ಮುಂದುವರಿಸಿದೆವು.

ಕಂಪನಿಯನ್ನು ಇನ್ನೂ ದೊಡ್ಡ ಕಂಪನಿಗೆ ಮಾರುವ ಮಾತು ನಡೆದಿತ್ತು. ಪಾರ್ಸ್ಲೋ ಚಿತ್ರಗಳು ಎಷ್ಟಿದ್ದರೆ ಅಷ್ಟು ಒಳ್ಳೆಯದು. ಆದರೆ ಡಬ್ಬಗಳಲ್ಲಿ ಮುಕ್ಕಾಲು ಪಾಲಿಗೆ ಚೀಟಿಯೇ ಇರಲಿಲ್ಲ.

“ಆಂಟಿ, ಸಿಂಪಲ್ ಆಗಿ ಥಿಂಕ್ ಮಾಡಿ,” ಎಂದರು ಪ್ರಶಾಂತ್. “ಡೌಟ್ ಇದ್ರೆ ಅವ್ರ ಹೆಸ್ರಿಗೇ ಹಾಕ್ಬಿಡಿ.”

ಹೀಗಾಗಿ ಸತ್ತು ಅರ್ಧ ಶತಮಾನವಾದ ಮೇಲೂ ಪಾರ್ಸೆಲ್ ಸಾಹೇಬ ವಾರಕ್ಕೆ ಎರಡು ಸಿನಿಮಾದಂತೆ ತೆಗೆಯುತ್ತಲೇ ಹೋದ. ಇಂಗ್ಲೆಂಡಿನಲ್ಲಿ ಇದ್ದಾಗ ಮಳೆ ಬಂದರೆ ರಜಾ ಮಾಡುತ್ತಿದ್ದನಂತೆ. ನಮ್ಮ ಬೂನ್ ಲೇಯಲ್ಲಿ ಆ ತೊಂದರೆಯೂ ಇರಲಿಲ್ಲ.

ನನಗೆ ಹಾಗೆ ಬರೆಯಲು ಕೈ ಬರಲಿಲ್ಲ. ಸೆಂಗ್ ಒಂದು ದಿನ, ಪಾರ್ಸೆಲ್ಲಿನ ಮಗಳು, ಆ ಅಳಿಯನ ಹೆಂಡತಿ, ಇನ್ನೂ ಬದುಕಿದ್ದಾಳೆ, ಇಲ್ಲೇ ವೃದ್ಧರ ಹೋಮಿನಲ್ಲಿದ್ದಾಳೆ ಎಂದರು. ಗೋಡೌನಿನವರು ಹೇಳಿದ್ದಂತೆ. ಕಂಪನಿಯ ಯಾರೂ ಅದುವರೆಗೆ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದೀತು ಎಂಬ ಭಯವಿದ್ದೀತು. ನಾನು ಒಂದು ಭಾನುವಾರ ಬಸ್ಸು ಹಿಡಿದು ಹೋದೆ.

ಅವರ ಹೆಸರು ನೋರಾ. ತೊಂಬತ್ತು ದಾಟಿದ್ದರು. ಕಿವಿ ಚುರುಕು, ಕಣ್ಣು ಮಾತ್ರ ಹೋಗುತ್ತಿತ್ತು. ವರ್ಷದೊಳಗೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆ. ವಾರದಲ್ಲಿ ನೋಡಿದ ರೀಲುಗಳನ್ನು ಡಿವಿಡಿ ಮಾಡಿಕೊಂಡು ಹೋಗಿ ಅವರ ಕೋಣೆಯ ಟಿವಿಯಲ್ಲಿ ಹಾಕುತ್ತಿದ್ದೆ. ಅವರು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ನೋಡುತ್ತಿದ್ದರು. ಹಾಗೆ ಕುಳಿತ ಎರಡನೆಯ ಭಾನುವಾರವೇ, ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಅಪ್ಪ ತೆಗೆದದ್ದಲ್ಲ, ಈಡಿತ್ ಅತ್ತೆ ತೆಗೆದದ್ದು ಎಂದರು.

ಈಡಿತ್ ಎಂದರೆ ಪಾರ್ಸೆಲ್ಲಿನ ಅಕ್ಕ. ಮದುವೆಯಾಗಿರಲಿಲ್ಲ. ತಮ್ಮನ ಮನೆಯಲ್ಲಿದ್ದು ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ಬಟ್ಟೆ ಒಗೆದು, ವಾರಕ್ಕೆ ಒಂದೋ ಒಂದೂವರೆಯೋ ಸಿನಿಮಾ ತೆಗೆಯುತ್ತಿದ್ದರು. ತಮ್ಮ ಅಷ್ಟು ಹೊತ್ತಿಗೆ ಪೇಟೆಯಲ್ಲಿ ಚಿತ್ರಗಳನ್ನು ಮಾರುತ್ತ, ಕುಡಿಯುತ್ತ, ತಾನು ಎಷ್ಟು ಕೆಲಸ ಮಾಡುತ್ತೇನೆಂದು ಹೇಳುತ್ತ ಇರುತ್ತಿದ್ದ. ಅವರ ಹೆಸರು ಎಲ್ಲಿಯೂ ಬರಲಿಲ್ಲ. ನೋರಾ ಆಗ ಪುಟ್ಟ ಹುಡುಗಿ. ಆ ಚಿತ್ರಗಳಲ್ಲಿ ಕೋಳಿ ಹಿಡಿದುಕೊಂಡು ನಿಲ್ಲುತ್ತಿದ್ದವಳು.

ಯಾವುದು ಯಾರದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಬಕೆಟ್ಟು ನೋಡು ಎಂದರು.

ನಾನು ವಾಪಸು ಬಂದು ಎಲ್ಲ ರೀಲುಗಳನ್ನೂ ಮತ್ತೆ ತಿರುಗಿಸಿ ನೋಡಿದೆ. ಅವನ ಚಿತ್ರಗಳಲ್ಲಿ ಹೆಂಗಸರು ಹೊತ್ತ ಬಕೆಟ್ಟು ಖಾಲಿ. ಕೈ ಆಚೀಚೆ ತೂಗಾಡುತ್ತದೆ, ಭುಜ ನೆಟ್ಟಗೇ ಇರುತ್ತದೆ. ಜೀವಮಾನದಲ್ಲಿ ಒಂದು ಕೊಡ ಎತ್ತಿದವನಿಗೂ ಅದು ಕಾಣುತ್ತದೆ. ಈಡಿತ್ ಅವರ ಚಿತ್ರಗಳಲ್ಲಿ ಬಕೆಟ್ಟಿನಲ್ಲಿ ನೀರಿದೆ. ಹೆಂಗಸು ಒಂದು ಕಡೆಗೆ ವಾಲುತ್ತಾಳೆ, ಇನ್ನೊಂದು ಕೈಯನ್ನು ಅಗಲ ಮಾಡಿ ತೂಕ ಸರಿದೂಗಿಸುತ್ತಾಳೆ, ಇಳಿಸಿದ ಮೇಲೆ ಬೆರಳು ಮಡಿಸಿ ಬಿಚ್ಚುತ್ತಾಳೆ. ಒಂದರಲ್ಲಿ ಕಳ್ಳ ಅಂಗಳಕ್ಕೆ ಬರುತ್ತಾನೆ. ಬಟ್ಟೆ ಹಿಂಡುತ್ತಿರುವ ಹೆಂಗಸು ಅವನನ್ನು ನೋಡಿ, ಹಿಂಡುವುದನ್ನು ಮುಗಿಸಿ, ಸೀರೆಯ ಹಾಗೆ ಉದ್ದದ ಆ ಹಾಸಿಗೆ ವಸ್ತ್ರದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಡುತ್ತಾಳೆ. ಕಳ್ಳ ಕೂಡ ಹಿಂಡುತ್ತಾನೆ. ಇಬ್ಬರೂ ಸೇರಿ ಒಣಹಾಕುತ್ತಾರೆ. ಅಷ್ಟೇ ಕಥೆ. ನಾನು ಆ ರೀಲನ್ನು ಅಗತ್ಯಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಗುರುತು ಖಚಿತವಾಗಲೆಂದು ಪ್ರತಿಯೊಂದನ್ನೂ ನೋರಾ ಅವರಿಗೆ ತೋರಿಸಿ, ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ರೀಲಿನ ನಂಬರು, ಎರಡು ಸಾಲು ಕಥೆ, ಕೊನೆಗೆ ಯಾರದು ಎಂಬುದು. ಕನ್ನಡದಲ್ಲಿಯೇ ಬರೆಯುತ್ತಿದ್ದೆ, ಇಂಗ್ಲಿಷಿನಲ್ಲಿ ಬರೆದರೆ ನನ್ನ ಕಣ್ಣು ಕಾಗುಣಿತದ ಮೇಲೆ ಇರುತ್ತದೆ, ಫಿಲ್ಮಿನ ಮೇಲೆ ಇರುವುದಿಲ್ಲ.

ಒಂದು ಭಾನುವಾರ ನೋರಾ ಅವರು ನನ್ನ ಮಣಿಕಟ್ಟು ಹಿಡಿದುಕೊಂಡು ಒಂದು ಮಾತು ಕೇಳಿದರು. ಕಣ್ಣು ಹೋಗುವ ಮೊದಲು, ಫಿಲ್ಮಿನ ಮೇಲೆ ಅತ್ತೆಯ ಹೆಸರನ್ನು ಒಂದು ಸಲ ಓದಬೇಕು. ಪುಸ್ತಕದಲ್ಲಿ ಬೇಡ, ಕಾಗದದಲ್ಲಿ ಬೇಡ, ಫಿಲ್ಮಿನ ಮೇಲೆ. ಅಪ್ಪನ ಹೆಸರು ಎಷ್ಟು ದೊಡ್ಡದಾಗಿ ಬರುತ್ತಿತ್ತು ಎಂಬುದು ಅವರಿಗೆ ನೆನಪಿತ್ತು. ರಾಫೆಲ್ಸ್ ಪ್ಲೇಸಿನಲ್ಲಿ ಚಿತ್ರಗಳ ಬಿಡುಗಡೆಯ ಕಾರ್ಯಕ್ರಮ ನಿಗದಿಯಾಗಿತ್ತು. ಅಲ್ಲಿ ಅತ್ತೆಯ ಹೆಸರು ಬರುತ್ತದೆ, ನೀವೇ ಬಂದು ಓದುವಿರಂತೆ ಎಂದು ನಾನು ಮಾತು ಕೊಟ್ಟೆ. ನೋಟ್‌ಬುಕ್ಕು ನನ್ನ ಕೈಯಲ್ಲಿದೆ, ಎಲ್ಲ ಬರೆದಿದೆ ಎಂಬ ಧೈರ್ಯ.

ಹೊಸದಾಗಿ ಕೆಲಸಕ್ಕೆ ಸೇರುವವರು ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನವಿಟ್ಟು ಓದಬೇಕು.

ಬಿಡುಗಡೆ ಹತ್ತಿರ ಬಂದಾಗ ರಿಜಿಸ್ಟರೆಲ್ಲ ಕಂಪ್ಯೂಟರಿಗೆ ಏರಬೇಕಾಯಿತು. ನಾನು ಟೈಪ್ ಮಾಡುವ ವೇಗಕ್ಕೆ ಮುಂದಿನ ಯುಗಾದಿಯಾಗುತ್ತದೆ ಎಂದು ಪ್ರಶಾಂತ್ ನೋಟ್‌ಬುಕ್ಕನ್ನು ತಾವೇ ಒಯ್ದರು. ನನಗೂ ಕನ್ನಡ ಬರುತ್ತೆ, ವೀಕೆಂಡಿನಲ್ಲಿ ಕೂತು ಇಂಗ್ಲಿಷ್ ಮಾಡಿಬಿಡುತ್ತೇನೆ ಎಂದರು. ಸೋಮವಾರ ವಾಪಸು ತಂದಾಗ ಮುಖದಲ್ಲಿ ಏನೋ ಬೆಳಕು. ಏನೆಂದು ನಾನು ಕೇಳಲಿಲ್ಲ. ಲಂಡನ್ನಿನಲ್ಲಿದ್ದ ಒಬ್ಬ ಸಿನಿಮಾ ಪಂಡಿತನಿಗೆ ಆ ಪಟ್ಟಿ ಹೋಯಿತು. ಅವನು ಅದರ ಆಧಾರದ ಮೇಲೆ ಹೊಳೆಯುವ ಕಾಗದದ ಪುಸ್ತಿಕೆಗೆ ಲೇಖನ ಬರೆದ. ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ಬೂನ್ ಲೇಗೂ ಬಂತು.

ಊಟದ ಡಬ್ಬಿ ತೆರೆದಿಟ್ಟು ಓದಿದೆ. ಪಾರ್ಸ್ಲೋ ಎಂಬ ಮಹಾ ಕಲಾವಿದನ ಚಿತ್ರಗಳಲ್ಲಿ ನೀರಿನ ತೂಕ ಕೂಡ ಕಣ್ಣಿಗೆ ಕಾಣುತ್ತದಂತೆ. ಹೆಂಗಸರ ದುಡಿಮೆಯನ್ನು ಅವನಷ್ಟು ಬಲ್ಲವರಿಲ್ಲವಂತೆ. ಸಂಗ್ರಹದಲ್ಲಿ ಕೆಲವು ಕಳಪೆ ಚಿತ್ರಗಳೂ ಇವೆ, ಖಾಲಿ ಬಕೆಟ್ಟಿನವು. ಅವನ್ನು ಹೆಸರು ತಿಳಿಯದ ಯಾರೋ ಸಹಾಯಕ ತೆಗೆದಿದ್ದಾನಂತೆ. ಪಟ್ಟಿ ತೆಗೆದು ನೋಡಿದೆ. ಈಡಿತ್ ಅವರ ಒಂದೊಂದು ಚಿತ್ರದ ಮುಂದೆಯೂ ಪಾರ್ಸ್ಲೋ. ಪಾರ್ಸ್ಲೋನ ಒಂದೊಂದು ಚಿತ್ರದ ಮುಂದೆಯೂ ‘ಸಹಾಯಕ, ಹೆಸರು ತಿಳಿದಿಲ್ಲ’. ಈಡಿತ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ.

ಅನ್ನ ಹಾಗೆಯೇ ಮುಚ್ಚಿಟ್ಟು, ಎಂಆರ್‌ಟಿ ಹಿಡಿದು ರಾಫೆಲ್ಸ್ ಪ್ಲೇಸಿಗೆ ಹೋದೆ. ಪ್ರಶಾಂತ್ ಕ್ಯಾಬಿನ್ನಿನಲ್ಲಿದ್ದರು. ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು ಇದು ಉಲ್ಟಾ ಆಗಿದೆ ಎಂದೆ.

“ನೀವೇ ಬರ್ದಿರೋದಲ್ವಾ ಆಂಟಿ? ‘ಅವರದು’ ಅಂತ ಇರೋದನ್ನೆಲ್ಲ ಡೈರೆಕ್ಟರ್ ಹೆಸ್ರಿಗೆ ಹಾಕಿದೀನಿ. ‘ಅವನದು’ ಅಂತ ಇರೋದು ಯಾರೋ ಅಸಿಸ್ಟೆಂಟ್ ಅಂತ ಗೊತ್ತಾಗತ್ತಲ್ಲ.”

“ಅವರು ಅಂದ್ರೆ ಈಡಿತ್ ಅವರು ಸರ್. ಅವನ ಅಕ್ಕ.”

“ಲೇಡಿ ಆದ್ರೆ ‘ಅವಳದು’ ಅಂತ ಬರೀಬೇಕಿತ್ತು.”

“ಅಷ್ಟು ದೊಡ್ಡವರನ್ನ ಅವಳು ಅಂತ ಹೇಗೆ ಬರೀಲಿ?”

ಪ್ರಶಾಂತ್ ಪೆನ್ನು ತಿರುಗಿಸಿದರು. “ಮತ್ತೆ ಈ ‘ಅವನು’ ಯಾರು?”

“ನಿಮ್ಮ ಡೈರೆಕ್ಟರು.”

“ಡೈರೆಕ್ಟರ್‌ಗೆ ಅವನು ಅಂತಾರಾ, ಆಂಟಿ?”

ಅವರಿಗೆ ನಿಜವಾಗಿಯೇ ನೋವಾಗಿತ್ತು. ತಪ್ಪು ಯಾರದು ಎಂಬುದರ ಬಗ್ಗೆ ಅವರ ಮನಸ್ಸಿನಲ್ಲಿ ಸಂಶಯವೇ ಇರಲಿಲ್ಲ: ಮರ್ಯಾದೆ ಕೊಡಬೇಕಾದವರಿಗೆ ಮರ್ಯಾದೆ ಕೊಡದೆ ಬರೆದವಳು ನಾನು. ಪುಸ್ತಿಕೆ ಅಚ್ಚಾಗಿದೆ, ಪಂಡಿತ ಲಂಡನ್ನಿನಿಂದ ವಿಮಾನ ಹತ್ತಿದ್ದಾನೆ, ಕೊಳ್ಳುವವರು ಬರುತ್ತಿದ್ದಾರೆ, ಎಲ್ಲರಿಗೂ ಬೇಕಾದ್ದು ಒಂದು ದೊಡ್ಡ ಹೆಸರು, ಎರಡಲ್ಲ. ನೆಕ್ಸ್ಟ್ ವರ್ಷನ್ನಿನಲ್ಲಿ ಅಪ್‌ಡೇಟ್ ಮಾಡೋಣ ಎಂದರು. ನೆಕ್ಸ್ಟ್ ವರ್ಷನ್ ಎಂದರೆ ಯಾವಾಗ ಎಂದು ಕೇಳಿದೆ. ಫೋನು ಬಂತು, ಎತ್ತಿಕೊಂಡರು.

ಅರ್ಧ ತಪ್ಪು ನನ್ನದೂ ಹೌದು. ಹೆಸರಿಗೆ ಮೂರಕ್ಷರ ಹೆಚ್ಚು ಬೇಕು ಎಂದು ಸೋಮಾರಿತನ ಮಾಡಿದೆ. ನನ್ನ ತಲೆಯಲ್ಲಿ ಅವನೆಂದರೆ ಅವನು, ಅವರೆಂದರೆ ಅವರು. ಓದುವ ಬೇರೆಯವರಿಗೆ ಬೇರೆ ಅರ್ಥ ಬರುತ್ತದೆಂದು ಹೊಳೆಯಲೇ ಇಲ್ಲ. ಅದಕ್ಕೇ ಹೇಳುವುದು, ಪ್ರತಿ ಸಾಲಿನಲ್ಲಿಯೂ ಪೂರ್ತಿ ಹೆಸರು ಬರೆಯಿರಿ. ಕೈ ನೋಯಲಿ.

ಕಾರ್ಯಕ್ರಮಕ್ಕೆ ನೋರಾ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಹಾ ನಿರ್ದೇಶಕನ ಮಗಳೆಂದು ಚಪ್ಪಾಳೆ ತಟ್ಟಿ, ಮಡಿಲಲ್ಲಿ ಹೂವಿನ ಗೊಂಚಲು ಇಟ್ಟರು. ನನಗೆ ಅವರ ಪಕ್ಕದ ಕುರ್ಚಿ, ಅವರೇ ಕೇಳಿ ಹಾಕಿಸಿದ್ದು. ಅತ್ತೆಯ ಹೆಸರು ಬರುವುದಿಲ್ಲವೆಂದು ನಾನು ಅವರಿಗೆ ಇನ್ನೂ ಹೇಳಿರಲಿಲ್ಲ. ಬಾಲ್‌ರೂಮಿನ ಪರದೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಪಾರ್ಸ್ಲೋನ ಹೆಸರು ಬಂತು. ಕಂಪ್ಯೂಟರಿನಲ್ಲಿ ಮಾಡಿದ್ದು, ಸುಯ್ಯನೆ ಬಂದು ಗಿರ್ರನೆ ತಿರುಗಿ ಹೋಯಿತು. ಅವರ ಕಣ್ಣಿಗೆ ಅದನ್ನು ಹಿಡಿಯಲಾಗಲಿಲ್ಲ. ನನ್ನ ಕಡೆ ಬಾಗಿ, ಬಂತಾ ಎಂದು ಕೇಳಿದರು.

ಬಂತು ಎಂದಿದ್ದರೆ ನಂಬುತ್ತಿದ್ದರು. ಅವರಿಗೆ ನೋಡಿ ಹೇಳುವವಳು ನಾನೊಬ್ಬಳೇ. ಆ ಒಂದು ಕ್ಷಣ ಬಾಯಿವರೆಗೆ ಬಂದದ್ದು ಅದೇ ಮಾತು.

ಇಲ್ಲ ಎಂದೆ.

ನೋರಾ ಅವರು ಹೂವಿನ ಗೊಂಚಲನ್ನು ತಡಕಿ ತೆಗೆದು ನನ್ನ ತೊಡೆಯ ಮೇಲಿಟ್ಟರು. ಭಾಷಣಗಳು ನಡೆದವು. ಲಂಡನ್ನಿನ ಪಂಡಿತ ಬಕೆಟ್ಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದ. ಅವನ ಕೈ ನೋಡಿದೆ, ಮೆತ್ತಗಿತ್ತು.

ಮನೆಗೆ ಬಂದು ಹೂವನ್ನು ನೀರಿನಲ್ಲಿಟ್ಟು ಸುಮ್ಮನೆ ಕುಳಿತೆ. ನಮ್ಮ ಮನೆಯವರಿಗೆ ಆ ವಾರ ಬೆಳಗಿನ ಶಿಫ್ಟು, ಮನೆಯಲ್ಲಿದ್ದರು. ಎಲ್ಲ ಕೇಳಿಕೊಂಡರು.

“ಪ್ರಶಾಂತನ ಮ್ಯಾಲೆ ಸಿಟ್ಟಾಗಿ ಏನ್ ಮಾಡ್ತಿ?” ಎಂದರು. “ಮುದುಕಿಗೆ ಮಾತು ಕೊಟ್ಟಾಂವ ಅಂವ ಅಲ್ಲ. ಕೊಟ್ಟಾಕಿ ನೀನು.”

ಪಲ್ಲವಿ ಕಂಪ್ಯೂಟರಿನ ಮುಂದಿನಿಂದಲೇ ತನ್ನ ಸಿಂಗಪುರದ ಧಾಟಿಯಲ್ಲಿ ಹೇಳಿದಳು: “ಅಮ್ಮ, ನೇಮ್ ಆಡ್ ಮಾಡೋದು ಫೈವ್ ಮಿನಿಟ್ಸ್ ಕೆಲ್ಸ ಲಾ. ನಾನೇ ಮಾಡ್ಕೊಡ್ತೀನಿ.”

ಒಳ್ಳೆಯ ಹುಡುಗಿ, ಮಾಡಿಯೂ ಕೊಡುತ್ತಿದ್ದಳು. ಆದರೆ ನೋರಾ ಅವರು ಕೇಳಿದ್ದು ಫಿಲ್ಮಿನ ಮೇಲೆ.

ಮರುದಿನ ಸೆಂಗ್ ಅವರನ್ನು ಕೇಳಿದೆ. ರೀಲಿನ ತಲೆಗೆ ಚಿತ್ರ ಶುರುವಾಗುವ ಮುಂಚೆ ಒಂದಷ್ಟು ಖಾಲಿ ಫಿಲ್ಮು ಅಂಟಿಸಿರುತ್ತೇವೆ, ಪ್ರೊಜೆಕ್ಟರಿಗೆ ಸಿಕ್ಕಿಸಲು. ಅದರ ಮೇಲೆ ಇಂಕಿನಿಂದ ಬರೆದರೆ ಗೋಡೆಯ ಮೇಲೆ ಕಾಣುತ್ತದೆ. ಆದರೆ ಒಂದು ಚೌಕದಲ್ಲಿ ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಹಳೆಯ ಪ್ರೊಜೆಕ್ಟರ್ ಸೆಕೆಂಡಿಗೆ ಹದಿನಾರು ಚೌಕ ಓಡಿಸುತ್ತದೆ. ಮುದಿ ಕಣ್ಣು ಓದಬೇಕೆಂದರೆ ಇಪ್ಪತ್ತು ಸೆಕೆಂಡು ಬೇಕು ಎಂದರು ಸೆಂಗ್. ಅಂದರೆ ಮುನ್ನೂರ ಇಪ್ಪತ್ತು ಸಲ ಬರೆಯಬೇಕು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಚೌಕ, ಒಂದೊಂದರಲ್ಲಿಯೂ ಎರಡು ಸಾಲು: ಮೇಲೆ ಈಡಿತ್, ಕೆಳಗೆ ಪಾರ್ಸ್ಲೋ.

ಗದಗಿನಲ್ಲಿ ನಮ್ಮವ್ವ ಉದ್ದ ನೋಟ್‌ಬುಕ್ಕಿನ ತುಂಬ ಪಂಚಾಕ್ಷರಿ ಬರೆಯುತ್ತಿದ್ದಳು. ಒಂದೊಂದು ಗೆರೆಗೆ ನಾಲ್ಕು ಸಲ, ಮಧ್ಯೆ ಮಾತಾಡಿದರೆ ಆ ಗೆರೆ ಹೊಡೆದು ಮತ್ತೆ ಮೊದಲಿನಿಂದ. ನನಗೆ ಆಗ ಅದು ಹುಚ್ಚೆನಿಸುತ್ತಿತ್ತು. ಅದೇ ನಾನು ಬೆಳಕಿನ ಮೇಜಿನ ಮೇಲೆ ಬಾಗಿ, ಕೈಗವಸು ಹಾಕಿಕೊಂಡು, ಊಟದ ಬಿಡುವಿನಲ್ಲಿ ಆರು ದಿನ ಬರೆದೆ. ಇನ್ನೂರರ ಆಸುಪಾಸಿನಲ್ಲಿ ಕೈ ಮರಗಟ್ಟಿ ಅಕ್ಷರ ವಾಲಿತು. ಅಳಿಸಲು ಬರುವುದಿಲ್ಲ, ಮುಂದೆ ಹೋದೆ. ಆಮೇಲಿನ ತಿಂಗಳುಗಳಲ್ಲಿ ಈಡಿತ್ ಅವರ ಉಳಿದ ರೀಲುಗಳ ತಲೆಗೂ ಒಂದೊಂದು ಸಲ ಬರೆದಿಟ್ಟೆ. ರಿಜಿಸ್ಟರು ಹಾಗೆಯೇ ಉಳಿಯಿತು. ಆಮೇಲೆ ಗಾಳಿ ಬದಲಾಯಿತು, ಕಂಪನಿ ಹೋಯಿತು, ಪ್ರಶಾಂತ್ ಬೇರೆ ಏನನ್ನೋ ಮಾರಲು ದುಬೈಗೆ ಹೋದರು. ಡಬ್ಬಗಳು ಈಗ ಯಾರ ಹತ್ತಿರ ಇವೆಯೋ. ಅವರ ಪಟ್ಟಿಯಲ್ಲಿ ಈಗಲೂ ಆ ಮಹಾ ಕಲಾವಿದನದೇ ಹೆಸರಿರುತ್ತದೆ. ಪಟ್ಟಿ ಓದುವವರು ಓದಿಕೊಳ್ಳಲಿ. ರೀಲು ಬಿಚ್ಚುವವರಿಗೆ ಬೇರೆಯದು ಸಿಗುತ್ತದೆ.

ಆ ಆರು ದಿನ ಬರೆದು ಮುಗಿಸಿದ ಮರುದಿನ, ಭಾನುವಾರ ಬೆಳಿಗ್ಗೆ, ಹೋಮಿನ ವ್ಯಾನಿನಲ್ಲಿ ನೋರಾ ಅವರನ್ನು ಬೂನ್ ಲೇಗೆ ಕರೆತಂದೆವು. ಸೆಂಗ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಯಿಂದ ಮೂರು ಮೊಳ ದೂರದಲ್ಲಿ ಗಾಲಿಕುರ್ಚಿ ನಿಲ್ಲಿಸಿದೆವು. ಬಟ್ಟೆ ಹಿಂಡುವ ಹೆಂಗಸಿನ ಆ ರೀಲನ್ನು ಸೆಂಗ್ ಪ್ರೊಜೆಕ್ಟರಿಗೆ ಸಿಕ್ಕಿಸಿದರು.

ಹೆಸರು ಬಂತು. ಆದರೆ ನಿಂತಲ್ಲಿ ನಿಲ್ಲಲಿಲ್ಲ. ಮುನ್ನೂರ ಇಪ್ಪತ್ತು ಸಲ ಬರೆದದ್ದು ಮುನ್ನೂರ ಇಪ್ಪತ್ತು ಥರ ಇತ್ತು. ಅಕ್ಷರಗಳು ಗೋಡೆಯ ಮೇಲೆ ಕುದಿಯುವ ಅನ್ನದ ಹಾಗೆ ತಳಮಳಿಸಿದವು. ನನಗೆ ನಾಚಿಕೆಯಾಯಿತು. ನೋರಾ ಅವರು ಕುತ್ತಿಗೆ ಮುಂದೆ ಚಾಚಿ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದತೊಡಗಿದರು. ಶಾಲೆಯ ಮಕ್ಕಳು ಓದುವ ಹಾಗೆ. ಮೊದಲ ಸಾಲಿನ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಇಪ್ಪತ್ತು ಸೆಕೆಂಡು ಮುಗಿದು, ಹೆಂಗಸು ಬಕೆಟ್ಟು ಹೊತ್ತು ಅಂಗಳಕ್ಕೆ ಬಂದುಬಿಟ್ಟಳು.

ಸೆಂಗ್ ತಿರುಗಿಸಿ ಮತ್ತೆ ಹಾಕಲೆಂದು ಪ್ರೊಜೆಕ್ಟರ್ ನಿಲ್ಲಿಸಹೋದರು. ಪಾರ್ಸ್ಲೋ ಓದುವುದು ಉಳಿಯಿತಲ್ಲ ಎಂದು ನಾನೂ ಹೇಳಿದೆ.

“ಬೇಡ, ಓಡಲಿ ಬಿಡು,” ಎಂದರು ನೋರಾ. “ಅದನ್ನು ಓದಿ ಓದಿ ಸಾಕಾಗಿದೆ.”

ರೀಲು ಮುಗಿಯುವ ತನಕ ನೋಡಿದರು. ಕಳ್ಳ ಹಾಸಿಗೆ ವಸ್ತ್ರ ಹಿಂಡುವಾಗ ನಕ್ಕರು. ಆಮೇಲೆ ಕಪ್ಪು ಬಟ್ಟೆ ಬಿಚ್ಚಿ, ಬೆಂಚಿನ ಮೇಲೆ ಪೇಪರ್ ಹಾಸಿ ಊಟಕ್ಕೆ ಕುಳಿತೆವು. ನಾನು ಮೊಸರನ್ನ, ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಸೆಂಗ್ ಕೆಳಗಿನ ಅಂಗಡಿಯಿಂದ ಕಾಯಾ ಎಂಬ ತೆಂಗಿನಹಾಲಿನ ಸಿಹಿ ಜಾಮು ಹಚ್ಚಿದ ಬನ್ನು, ಕಾಫಿ ತಂದರು. ನೋರಾ ಅವರು ಮೊಸರನ್ನಕ್ಕೆ ಸಕ್ಕರೆ ಕೇಳಿ ಹಾಕಿಸಿಕೊಂಡು ನಾಲ್ಕು ಚಮಚ ತಿಂದರು, ಬನ್ನನ್ನು ಕಾಫಿಯಲ್ಲಿ ಅದ್ದಿ ಪೂರ್ತಿ ತಿಂದರು. ವ್ಯಾನು ಬರಲು ಇನ್ನೂ ಒಂದು ಗಂಟೆ ಇತ್ತು. ಮೊದಲು ನಿದ್ದೆ ಹೋದದ್ದು ನೋರಾ ಅವರು, ಕುರ್ಚಿಯಲ್ಲಿಯೇ, ಬೆರಳಲ್ಲಿ ಕಾಯಾ ಅಂಟಿಸಿಕೊಂಡು. ಆಮೇಲೆ ಸೆಂಗ್. ನಾನು ಎಚ್ಚರವಿದ್ದೆ, ಚಮಚ ತೊಳೆಯುವುದಿತ್ತು.